ಅಮೆರಿಕದ ಎಲೆಕ್ಟ್ರಾನಿಕ್ಸ್ ಬೆಲೆ ದಾವೆಗಳು: ಪರಿಹಾರದ ಹಣಕ್ಕೆ ಅರ್ಜಿ ಹಾಕಬೇಕೇ, ಬೇಡವೇ?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸಮಾಜದ ಮಕ್ಕಳಿಗೆ ಆಗಾಗ ಒಂದು ಬಗೆಯ ಇ-ಮೇಲ್ ಅಥವಾ ಅಂಚೆ ಕಾರ್ಡು ಬರುತ್ತದೆ. ಇಂಥ ವರ್ಷದಿಂದ ಇಂಥ ವರ್ಷದೊಳಗೆ ಕಂಪ್ಯೂಟರ್, ಟಿವಿ ಅಥವಾ ಫೋನ್ ಕೊಂಡಿದ್ದರೆ ನಿಮಗೆ ಹಣ ಬರಬೇಕಾಗಿರಬಹುದು, ಅರ್ಜಿ ಹಾಕಿ ಎಂದು ಅದರಲ್ಲಿ ಬರೆದಿರುತ್ತದೆ. ಕೆಲವರು ಇದು ಮೋಸವೆಂದು ಅಳಿಸಿಹಾಕುತ್ತಾರೆ. ಕೆಲವರು ಹತ್ತು ಡಾಲರಿಗೆ ಯಾರು ಒದ್ದಾಡುತ್ತಾರೆ ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು, ರಸೀದಿ ಕೇಳುವುದಿಲ್ಲವಲ್ಲ ಎಂದು, ಕೊಂಡದ್ದು ಒಂದಾದರೆ ಮೂರು ಎಂದು ತುಂಬಿ ಕಳಿಸುತ್ತಾರೆ. ಅದೇ ಸಂದೇಶ ವಾಟ್ಸಾಪಿನಲ್ಲಿ ಸುತ್ತಿಕೊಂಡು ಊರಿನಲ್ಲಿರುವ ನಮ್ಮಂಥವರಿಗೂ ಬರುತ್ತದೆ.

ಈ ಹಣ ಯಾರದು, ಯಾರು ಕೇಳಬಹುದು, ಶ್ರಾವಕನಾದವನು ಕೇಳುವುದು ಸರಿಯೇ ಎಂದು ಹಲವರು ಕೇಳಿದ್ದಾರೆ. ಮೂರಕ್ಕೂ ಉತ್ತರ ಬೇಕಾದರೆ ಮೊದಲು ಹಣ ಬಂದ ದಾರಿಯನ್ನು ತಿಳಿಯಬೇಕು.

ಹಣ ಎಲ್ಲಿಂದ ಬಂತು?

ಒಳ್ಳೆಯ ಉದಾಹರಣೆ ಕಂಪ್ಯೂಟರಿನ ಮೆಮೊರಿ ಚಿಪ್ಪಿನದು. ಇದನ್ನು ಡಿರ್ಯಾಮ್ ಎನ್ನುತ್ತಾರೆ. ಪ್ರಪಂಚದಲ್ಲಿ ಇದನ್ನು ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು. 1990ರ ದಶಕದ ಕೊನೆಯಿಂದ 2002ರವರೆಗೆ ಇವುಗಳಲ್ಲಿ ಹಲವು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದವು ಎಂದು ಅಮೆರಿಕದ ನ್ಯಾಯ ಇಲಾಖೆ ತನಿಖೆ ನಡೆಸಿತು. ಇನ್‌ಫಿನಿಯನ್ ಕಂಪನಿ 2004ರಲ್ಲಿ ತಪ್ಪೊಪ್ಪಿಕೊಂಡು 16 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. 2005ರಲ್ಲಿ ಹೈನಿಕ್ಸ್ 18.5 ಕೋಟಿ, ಸ್ಯಾಮ್‌ಸಂಗ್ 30 ಕೋಟಿ, 2006ರಲ್ಲಿ ಎಲ್ಪಿಡಾ 8.4 ಕೋಟಿ ಡಾಲರ್. ಕೆಲವು ಅಧಿಕಾರಿಗಳು ಜೈಲಿಗೂ ಹೋದರು.

ಈ ದಂಡವೆಲ್ಲ ಸರ್ಕಾರಕ್ಕೆ ಹೋಯಿತು. ಹೆಚ್ಚು ಬೆಲೆ ಕೊಟ್ಟವರು ಮಾತ್ರ ಬೇರೆ. ಚಿಪ್ಪನ್ನು ಮೊದಲು ಕೊಂಡವರು ಡೆಲ್, ಕಾಂಪ್ಯಾಕ್, ಎಚ್‌ಪಿ, ಆಪಲ್, ಐಬಿಎಂ, ಗೇಟ್‌ವೇ ಮುಂತಾದ ಕಂಪ್ಯೂಟರ್ ಕಂಪನಿಗಳು. ಅವರು ಆ ಹೆಚ್ಚಳವನ್ನು ಕಂಪ್ಯೂಟರಿನ ಬೆಲೆಗೆ ಸೇರಿಸಿದರು. ಕೊನೆಗೆ ಅದನ್ನು ತೆತ್ತವನು ಅಂಗಡಿಗೆ ಹೋಗಿ ಕಂಪ್ಯೂಟರ್ ಕೊಂಡ ಗಿರಾಕಿ. ವ್ಯಾಪಾರದಲ್ಲಿರುವ ನಮಗೆ ಇದು ಹೊಸದಲ್ಲ. ಗಿರಣಿಯವರು ಕೂಡಿ ದರ ಏರಿಸಿದರೆ ಸಗಟು ವ್ಯಾಪಾರಿ ಅದನ್ನು ಚಿಲ್ಲರೆಯವನ ಮೇಲೆ ಹಾಕುತ್ತಾನೆ, ಚಿಲ್ಲರೆಯವನು ಮನೆಯೊಡತಿಯ ಮೇಲೆ.

ಹೀಗೆ ತೆತ್ತವರ ಪರವಾಗಿ ನಡೆದ ದಾವೆಗಳಲ್ಲಿ ಕಂಪನಿಗಳು ಒಟ್ಟು 31 ಕೋಟಿ ಡಾಲರ್ ಕೊಡಲು ರಾಜಿಯಾದವು. 1998ರಿಂದ 2002ರ ಕೊನೆಯವರೆಗೆ ಅಮೆರಿಕದಲ್ಲಿ ಕಂಪ್ಯೂಟರ್, ಪ್ರಿಂಟರ್, ಗೇಮ್ ಯಂತ್ರ ಮುಂತಾಗಿ ಡಿರ್ಯಾಮ್ ಇರುವ ಸಾಮಾನು ಕೊಂಡವರು 2014ರ ಆಗಸ್ಟ್ 1ರೊಳಗೆ ಅರ್ಜಿ ಹಾಕಬಹುದಾಗಿತ್ತು. ಕೊಂಡು ಹನ್ನೆರಡು ವರ್ಷದ ಮೇಲೆ ಅರ್ಜಿಯ ಗಡುವು ಬಂತು. ಈ ದಾವೆಗಳು ಎಷ್ಟು ನಿಧಾನ ಎಂಬುದಕ್ಕೆ ಇಷ್ಟು ಸಾಕು.

ಟಿವಿ, ಮಾನಿಟರ್, ಲ್ಯಾಪ್‌ಟಾಪ್‌ಗಳ ಎಲ್‌ಸಿಡಿ ಪರದೆಯದೂ ಇದೇ ಕಥೆ. ಪರದೆ ತಯಾರಿಸುವ ಕಂಪನಿಗಳವರು ತೈವಾನಿನ ಹೋಟೆಲುಗಳಲ್ಲಿ ಗುಟ್ಟಾಗಿ ಸೇರಿ ಬೆಲೆ ಮಾತಾಡುತ್ತಿದ್ದರು. ಎಲ್‌ಜಿ ಡಿಸ್‌ಪ್ಲೇ 40 ಕೋಟಿ ಡಾಲರ್ ದಂಡ ಕಟ್ಟಿತು. ರಾಜಿಯಾಗದೆ ವಿಚಾರಣೆ ಎದುರಿಸಿದ ಎಯು ಆಪ್ಟ್ರಾನಿಕ್ಸ್‌ಗೆ 2012ರಲ್ಲಿ 50 ಕೋಟಿ ಡಾಲರ್ ದಂಡ ಬಿತ್ತು. ಗಿರಾಕಿಗಳ ದಾವೆಯಲ್ಲಿ ಸೇರಿದ ರಾಜಿ ಹಣ 108 ಕೋಟಿ ಡಾಲರ್.

ಎಲ್ಲ ದಾವೆಯಲ್ಲೂ ತಪ್ಪು ಹೀಗೆ ಸಾಬೀತಾಗಿರುವುದಿಲ್ಲ. ಎಷ್ಟೋ ಕಂಪನಿಗಳು ತಮ್ಮ ತಪ್ಪಿಲ್ಲವೆಂದು ಹೇಳುತ್ತಲೇ, ಖರ್ಚು ಮತ್ತು ತಂಟೆ ತಪ್ಪಲಿ ಎಂದು ಹಣ ಕೊಟ್ಟು ಮುಗಿಸಿಕೊಳ್ಳುತ್ತವೆ.

ಕ್ಯಾಲಿಫೋರ್ನಿಯಾದವರಿಗೆ ಉಂಟು, ಟೆಕ್ಸಾಸಿನವರಿಗೆ ಇಲ್ಲ, ಏಕೆ?

ಒಂದೇ ಮನೆಯ ಅಣ್ಣ ಕ್ಯಾಲಿಫೋರ್ನಿಯಾದಲ್ಲಿದ್ದು ತಮ್ಮ ಟೆಕ್ಸಾಸಿನಲ್ಲಿದ್ದರೆ, ಒಂದೇ ಮಾದರಿಯ ಟಿವಿ ಕೊಂಡಿದ್ದರೂ ಎಲ್‌ಸಿಡಿ ಹಣ ಅಣ್ಣನಿಗೆ ಮಾತ್ರ ಸಿಗುತ್ತಿತ್ತು. ಇದಕ್ಕೆ ಕಾರಣ 1977ರ ಒಂದು ತೀರ್ಪು. ಕಾಂಕ್ರೀಟ್ ಇಟ್ಟಿಗೆ ತಯಾರಕರು ಕೂಡಿ ಬೆಲೆ ಏರಿಸಿದ್ದಾರೆಂದು ಇಲಿನಾಯ್ ರಾಜ್ಯ ಸರ್ಕಾರ ದಾವೆ ಹೂಡಿತ್ತು. ಇಟ್ಟಿಗೆಯನ್ನು ಸರ್ಕಾರ ನೇರವಾಗಿ ಕೊಂಡಿರಲಿಲ್ಲ, ಗುತ್ತಿಗೆದಾರರ ಮೂಲಕ ಕಟ್ಟಡದಲ್ಲಿ ಬಂದಿತ್ತು. ನೇರವಾಗಿ ಕೊಂಡವನಿಗೆ ಮಾತ್ರ ನಷ್ಟ ಕೇಳುವ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಂದೇ ನಷ್ಟಕ್ಕೆ ಇಬ್ಬರು ಹಣ ಕೇಳುವಂತಾಗಬಾರದು, ಕೈಯಿಂದ ಕೈಗೆ ಎಷ್ಟು ದಾಟಿತು ಎಂಬ ಲೆಕ್ಕ ಬಿಡಿಸುವುದು ಕಷ್ಟ ಎಂಬುದು ಕೋರ್ಟಿನ ವಿಚಾರ.

ಆದರೆ ಇದು ಕೇಂದ್ರ ಕಾನೂನಿನ ಮಾತು. ಕೊನೆಯ ಗಿರಾಕಿಗೆ ಅನ್ಯಾಯವಾಗಬಾರದೆಂದು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮುಂತಾದ ಹಲವು ರಾಜ್ಯಗಳು ತಮ್ಮ ಕಾನೂನಿನಲ್ಲಿ ಅವನಿಗೂ ಹಕ್ಕು ಕೊಟ್ಟವು. ಟೆಕ್ಸಾಸ್ ಕೊಡಲಿಲ್ಲ. ಆದ್ದರಿಂದಲೇ ಎಲ್‌ಸಿಡಿ ರಾಜಿ 24 ರಾಜ್ಯ ಮತ್ತು ವಾಷಿಂಗ್ಟನ್ ಡಿಸಿಗೆ ಸೀಮಿತವಾಗಿತ್ತು. ನೋಟಿಸಿನಲ್ಲಿ ರಾಜ್ಯಗಳ ಪಟ್ಟಿ ಇದ್ದರೆ ಅದನ್ನೇ ಮೊದಲು ಓದಬೇಕು. ಜೊತೆಗೆ, ಆ ರಾಜಿ ಸ್ವಂತ ಬಳಕೆಗೆ ಕೊಂಡವರಿಗೆ ಮಾತ್ರ, ಮರುಮಾರಾಟಕ್ಕೆ ಕೊಂಡ ಅಂಗಡಿಯವರಿಗಲ್ಲ ಎಂಬ ಷರತ್ತೂ ಇತ್ತು. ಸಂಘ ಸಂಸ್ಥೆಗಳು ತಮ್ಮ ಕಚೇರಿಗೆ ಕೊಂಡದ್ದಕ್ಕೆ ಕೇಳಬಹುದಾಗಿತ್ತು. ಆದ್ದರಿಂದ ಅಲ್ಲಿನ ಜೈನ ಕೇಂದ್ರಗಳ ಪಾಠಶಾಲೆಗೆ ಕಂಪ್ಯೂಟರ್, ಟಿವಿ ಕೊಳ್ಳುವ ಪದಾಧಿಕಾರಿಗಳು ಬಿಲ್ಲುಗಳನ್ನು ಜೋಪಾನ ಮಾಡಿಟ್ಟರೆ ಮುಂದೆ ಇಂಥದು ಬಂದಾಗ ಉಪಯೋಗ. ಅರ್ಜಿ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ಹಣ ಸಂಸ್ಥೆಯ ಖಾತೆಗೇ ಹೋಗಬೇಕು.

ನೋಟಿಸು ಬಂದಾಗ ನಾಲ್ಕು ದಾರಿ

ಮೊದಲನೆಯದು, ಗಡುವಿನೊಳಗೆ ಅರ್ಜಿ ಹಾಕಿ ಪಾಲು ಪಡೆಯುವುದು. ಎರಡನೆಯದು, ತಾನು ಈ ಗುಂಪಿನಲ್ಲಿಲ್ಲ ಎಂದು ಬರೆದುಕೊಟ್ಟು ಹೊರಗೆ ಬರುವುದು. ಹೀಗೆ ಹೊರಬಂದವನಿಗೆ ಪಾಲಿಲ್ಲ, ಆದರೆ ಬೇಕಾದರೆ ಬೇರೆ ದಾವೆ ಹೂಡುವ ಹಕ್ಕು ಉಳಿಯುತ್ತದೆ. ಮೂರನೆಯದು, ಒಳಗೇ ಇದ್ದು ಈ ರಾಜಿ ಸರಿಯಿಲ್ಲ, ವಕೀಲರ ಪಾಲು ಹೆಚ್ಚಾಯಿತು ಎಂದು ಕೋರ್ಟಿಗೆ ಆಕ್ಷೇಪಣೆ ಬರೆಯುವುದು. ನಾಲ್ಕನೆಯದು, ಏನೂ ಮಾಡದೆ ಸುಮ್ಮನಿರುವುದು.

ಸುಮ್ಮನಿದ್ದರೆ ತಾವು ಇದರಲ್ಲಿ ಸೇರಲಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಹಣ ಕೇಳುವ ಈ ಬಗೆಯ ದಾವೆಗಳಲ್ಲಿ, 1966ರಲ್ಲಿ ಬದಲಾದ ನಿಯಮದ ಪ್ರಕಾರ, ಹೊರಗಿಡಿ ಎಂದು ಹೇಳದವರೆಲ್ಲ ಒಳಗಿದ್ದಂತೆಯೇ. ಸುಮ್ಮನಿದ್ದವನಿಗೆ ಹಣವೂ ಇಲ್ಲ, ಮುಂದೆ ಆ ವಿಷಯಕ್ಕೆ ದಾವೆ ಹೂಡುವ ಹಕ್ಕೂ ಇಲ್ಲ. ಕೈಬಿಡುವುದಾದರೆ ತಿಳಿದು ಬಿಡೋಣ, ಉದಾಸೀನದಿಂದ ಬೇಡ.

ಎಷ್ಟು ಸಿಗುತ್ತದೆ?

ಒಂದು ಲೆಕ್ಕ ಹಾಕಿ ನೋಡೋಣ. ಕಂಪನಿ 10 ಕೋಟಿ ಡಾಲರ್ ಕೊಟ್ಟಿತೆಂದುಕೊಳ್ಳಿ. ವಕೀಲರಿಗೆ 3 ಕೋಟಿ, ನೋಟಿಸು ಮತ್ತು ಕಚೇರಿ ಖರ್ಚು 50 ಲಕ್ಷ ಹೋದರೆ ಉಳಿದದ್ದು 6.5 ಕೋಟಿ. ಅರ್ಜಿಗಳಲ್ಲಿ ಒಟ್ಟು 65 ಲಕ್ಷ ಸಾಮಾನು ಬರೆದಿದ್ದರೆ ಒಂದಕ್ಕೆ 10 ಡಾಲರ್. 1.3 ಕೋಟಿ ಸಾಮಾನು ಬರೆದಿದ್ದರೆ 5 ಡಾಲರ್. ಕಂಪನಿ ಕೊಡುವ ಮೊತ್ತ ಬದಲಾಗುವುದಿಲ್ಲ, ಪಾಲು ಮಾತ್ರ ಬದಲಾಗುತ್ತದೆ. ಈ ಮಾತನ್ನು ನೆನಪಿಡಿ, ಧರ್ಮದ ವಿಚಾರ ಬಂದಾಗ ಮತ್ತೆ ಬೇಕು.

ನಿಜವಾದ ಉದಾಹರಣೆಗಳೂ ಇವೆ. ಡಿರ್ಯಾಮ್ ನೋಟಿಸಿನಲ್ಲಿ ಕನಿಷ್ಠ 10 ಡಾಲರ್, ಎಲ್‌ಸಿಡಿಯಲ್ಲಿ ಕನಿಷ್ಠ 25 ಡಾಲರ್ ನಿರೀಕ್ಷೆ ಇತ್ತು. ಹಳೆಯ ಐಫೋನುಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನಗೊಳಿಸಿದ ದಾವೆಯಲ್ಲಿ ಆಪಲ್ 2020ರಲ್ಲಿ ಕನಿಷ್ಠ 31 ಕೋಟಿ ಡಾಲರಿಗೆ ಒಪ್ಪಿತು. ಮೊದಲು ಹೇಳಿದ್ದು ಫೋನಿಗೆ 25 ಡಾಲರ್. ಸರಿಯಾದ ಅರ್ಜಿಗಳು ಕಡಿಮೆ ಬಂದದ್ದರಿಂದ 2024ರ ಜನವರಿಯಲ್ಲಿ ಕೈಗೆ ಬಂದದ್ದು ಸುಮಾರು 92 ಡಾಲರ್. ಇದಕ್ಕೆ ತದ್ವಿರುದ್ಧವಾದದ್ದು ಈಕ್ವಿಫ್ಯಾಕ್ಸ್ ಎಂಬ ಸಾಲ-ಮಾಹಿತಿ ಕಂಪನಿಯ ಪ್ರಕರಣ. ಅದರ ಮಾಹಿತಿ ಕಳವಾದದ್ದಕ್ಕೆ 2019ರಲ್ಲಿ ಒಬ್ಬರಿಗೆ 125 ಡಾಲರ್ ಎಂದಿದ್ದರು. ಆದರೆ ಆ ಬಾಬತ್ತಿಗೆ ಇಟ್ಟದ್ದು 3.1 ಕೋಟಿ ಡಾಲರ್ ಮಾತ್ರ, ಎಂದರೆ ಎರಡೂವರೆ ಲಕ್ಷ ಜನಕ್ಕೂ ಪೂರ್ತಿ ಸಾಲದು. ಜನ ಮುಗಿಬಿದ್ದರು. ಇನ್ನು ಬಹಳ ಕಡಿಮೆ ಸಿಗುತ್ತದೆ ಎಂದು ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ನೇ ಕೆಲವೇ ದಿನಗಳಲ್ಲಿ ಎಚ್ಚರಿಸಬೇಕಾಯಿತು.

ಅದೇ ಕಮಿಷನ್ 2019ರಲ್ಲಿ ಇಂಥ ರಾಜಿಗಳ ಅಧ್ಯಯನ ಮಾಡಿತು. ನೋಟಿಸು ಪಡೆದವರಲ್ಲಿ ಅರ್ಜಿ ಹಾಕಿದವರ ಮಧ್ಯಮ ಪ್ರಮಾಣ ಶೇಕಡಾ 9. ದೊಡ್ಡ ದಾವೆಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆದರೆ ಶೇಕಡಾ 4. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಕೇಳುವುದೇ ಇಲ್ಲ.

ಕೇಳದೆ ಉಳಿದ ಹಣದ ಗತಿ ಆಯಾ ರಾಜಿ ಪತ್ರದಲ್ಲಿರುತ್ತದೆ. ಕೆಲವದರಲ್ಲಿ ಅರ್ಜಿ ಹಾಕಿದವರಿಗೇ ಹಂಚಿಕೆಯಾಗುತ್ತದೆ, ಕೆಲವದರಲ್ಲಿ ಕೋರ್ಟ್ ಒಪ್ಪಿದ ಸೇವಾ ಸಂಸ್ಥೆಗೆ ಹೋಗುತ್ತದೆ, ಕೆಲವದರಲ್ಲಿ ಕಂಪನಿಗೇ ಹಿಂದಿರುಗುತ್ತದೆ.

ಶ್ರಾವಕ ಧರ್ಮ ಏನು ಹೇಳುತ್ತದೆ?

ಇಂಥ ಹಣ ಕೇಳುವುದೇ ಲೋಭ, ಅಪರಿಗ್ರಹಕ್ಕೆ ವಿರುದ್ಧ ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಭಾವನೆಗೆ ಗೌರವವಿದೆ. ಆದರೆ ನನ್ನ ತಿಳಿವಳಿಕೆ ಹೀಗಿದೆ. ಅಚೌರ್ಯ ವ್ರತದ ಮೂಲ ಅದತ್ತಾದಾನ, ಅಂದರೆ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು. ಇಲ್ಲಿ ಹೆಚ್ಚು ಬೆಲೆ ತೆತ್ತವನಿಗೆ ಆ ಹಣವನ್ನು ನ್ಯಾಯಾಲಯದ ಮೂಲಕ ಕೊಡಲಾಗಿದೆ. ತಕ್ಕಡಿಯಲ್ಲಿ ಮೋಸವಾಗಿದ್ದು ಗೊತ್ತಾದಾಗ ಅಂಗಡಿಯವನು ಕರೆದು ಬಾಕಿ ಹಿಂದಿರುಗಿಸಿದರೆ ತೆಗೆದುಕೊಳ್ಳುವುದರಲ್ಲಿ ದೋಷವಿಲ್ಲ. ಇದೂ ಅಷ್ಟೇ. ಗೃಹಸ್ಥನಿಗೆ ಹೇಳಿರುವುದು ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು. ತನ್ನ ಪರಿಮಾಣ ತುಂಬಿದೆ ಎನಿಸಿದವರು ಬಿಡಬಹುದು, ಅಥವಾ ಪಡೆದು ದಾನ ಮಾಡಬಹುದು. ಬಿಟ್ಟ ಹಣ ತಪ್ಪು ಮಾಡಿದ ಕಂಪನಿಗೇ ವಾಪಸು ಹೋಗುವ ರಾಜಿಯಾದರೆ, ಪಡೆದು ಆಹಾರ ದಾನಕ್ಕೋ ಔಷಧ ದಾನಕ್ಕೋ ಕೊಡುವುದು ಬಿಡುವುದಕ್ಕಿಂತ ಮೇಲು.

ಇಲ್ಲದ ಸಾಮಾನಿಗೆ ಹಣ ಕೇಳುವುದು ಮಾತ್ರ ಬೇರೆ ವಿಷಯ. ಅಷ್ಟು ದೊಡ್ಡ ಕಂಪನಿಗೆ ಇದೇನು ಲೆಕ್ಕ ಎನ್ನುವವರು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಲಿ. ಕಂಪನಿ ತನ್ನ ಮೊತ್ತ ಕೊಟ್ಟು ಹೊರಟುಹೋಗಿರುತ್ತದೆ. ಒಂದನ್ನು ಮೂರು ಎಂದು ಬರೆದವನು ತೆಗೆಯುವುದು ಕಂಪನಿಯ ಹಣವನ್ನಲ್ಲ, ತನ್ನ ಹಾಗೆಯೇ ಹೆಚ್ಚು ಬೆಲೆ ತೆತ್ತ ಇನ್ನೊಬ್ಬ ಗಿರಾಕಿಯ ಪಾಲನ್ನು. ಆ ಗಿರಾಕಿ ವಿದ್ಯಾರ್ಥಿಯಿರಬಹುದು, ಕೂಲಿಯವನಿರಬಹುದು. ಅವನಿಗೆ ಹತ್ತರ ಬದಲು ಐದು ಬರುತ್ತದೆ, ಏಕೆಂದೂ ಅವನಿಗೆ ತಿಳಿಯುವುದಿಲ್ಲ. ಇದು ಸ್ಪಷ್ಟವಾಗಿ ಅದತ್ತಾದಾನ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳ ಅತಿಚಾರಗಳನ್ನು ಹೇಳಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಸುಳ್ಳು ದಸ್ತಾವೇಜು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕದ ಮೋಸ ಬರುತ್ತದೆ, ರಾಜ್ಯದ ನಿಯಮ ಮೀರಿ ನಡೆಯುವುದೂ ಬರುತ್ತದೆ. ಗುಟ್ಟಾಗಿ ಕೂಡಿ ಬೆಲೆ ಏರಿಸಿದ ಕಂಪನಿಯವರದು ಕೊನೆಯದು. ಅದರ ಪರಿಹಾರಕ್ಕೆ ಸುಳ್ಳು ಅರ್ಜಿ ಬರೆದವರದು ಮೊದಲನೆಯದು. ಒಬ್ಬರ ಅತಿಚಾರ ಇನ್ನೊಬ್ಬರ ಅತಿಚಾರಕ್ಕೆ ಸಮಜಾಯಿಷಿಯಾಗಲಾರದು.

ಸಹಿ ಹಾಕುವ ಮುನ್ನ

ರಸೀದಿ ಕೇಳದೆ ಇರಬಹುದು. ಆದರೆ ಅರ್ಜಿಯ ಕೊನೆಯಲ್ಲಿ, ಮೇಲೆ ಬರೆದದ್ದೆಲ್ಲ ನಿಜ, ಸುಳ್ಳಾದರೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಡುತ್ತೇನೆ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ನೋಟರಿ ಇಲ್ಲದಿದ್ದರೂ ಅಮೆರಿಕದ ಕಾನೂನಿನಲ್ಲಿ ಇದು ಅಫಿಡವಿಟ್ಟಿಗೆ ಸಮ. ವೀಸಾ ಮೇಲೆ ಇರುವ ಮಕ್ಕಳು ಹತ್ತಿಪ್ಪತ್ತು ಡಾಲರಿಗಾಗಿ ಸುಳ್ಳು ಪ್ರಮಾಣದ ದಾರಿಗೆ ಹೋಗುವುದು ಬುದ್ಧಿವಂತಿಕೆಯೂ ಅಲ್ಲ.

ಪ್ರಮಾಣದ ಮಾತು ಎಷ್ಟು ಸೂಕ್ಷ್ಮ ಎಂಬುದಕ್ಕೆ ಆಪಲ್‌ನ ಸಿರಿ ರಾಜಿ ನೋಡಿ. ಒಟ್ಟು ಮೊತ್ತ 9.5 ಕೋಟಿ ಡಾಲರ್. 2014ರ ಸೆಪ್ಟೆಂಬರ್ 17ರಿಂದ 2024ರ ಕೊನೆಯವರೆಗೆ ಸಿರಿ ಇರುವ ಸಾಧನ ಕೊಂಡವರಿಗೆ ಒಂದಕ್ಕೆ ಹೆಚ್ಚೆಂದರೆ 20 ಡಾಲರಿನಂತೆ ಐದು ಸಾಧನಗಳವರೆಗೆ. ಗಡುವು 2025ರ ಜುಲೈ 2ಕ್ಕೆ ಮುಗಿಯಿತು. ಐಫೋನ್ ಇದ್ದವರೆಲ್ಲ ಹಾಕಿ ಎಂದು ಸಂದೇಶಗಳು ಹರಿದಾಡಿದವು. ಆದರೆ ಅರ್ಜಿಯಲ್ಲಿ ಸಾಧನ ಇದ್ದರೆ ಸಾಲದು. ಗುಟ್ಟಾಗಿರಬೇಕಾಗಿದ್ದ ಮಾತುಕತೆ ನಡೆಯುತ್ತಿದ್ದಾಗ ತಾನು ಕರೆಯದೆಯೇ ಸಿರಿ ಎಚ್ಚೆತ್ತುಕೊಂಡಿತ್ತು ಎಂದು ಪ್ರಮಾಣ ಮಾಡಬೇಕಿತ್ತು. ಹಾಗೆ ಆಗಿದ್ದವರು ಹಾಕಿದ್ದು ಸರಿ. ಆಗದೆ ಇದ್ದವರು, ಐದು ಸಾಧನ ಇದ್ದರೂ, ಅಲ್ಲಿಗೇ ನಿಲ್ಲಬೇಕಾಗಿತ್ತು.

ಹಳೆಯ ಖರೀದಿ ನೆನಪಿಲ್ಲದಿದ್ದರೆ ಬ್ಯಾಂಕ್ ಕಾರ್ಡಿನ ಪಟ್ಟಿ, ಆನ್‌ಲೈನ್ ಅಂಗಡಿಯ ಹಳೆಯ ಆರ್ಡರುಗಳು, ಇ-ಮೇಲಿಗೆ ಬಂದ ಬಿಲ್ಲು ಹುಡುಕಿ. ಎರಡು ಖಂಡಿತ, ಮೂರನೆಯದು ಅನುಮಾನ ಎಂದರೆ ಎರಡೇ ಬರೆಯಿರಿ. ಭೇಟಿಗೆಂದು ಬಂದಿದ್ದ ತಂದೆ ತಾಯಿಯ ಹೆಸರಿನಲ್ಲಿ ಇನ್ನೊಂದು ಅರ್ಜಿ ಹಾಕಬೇಡಿ.

ನಕಲಿ ನೋಟಿಸಿನ ಗುರುತು

ನಿಜವಾದ ನೋಟಿಸಿನಲ್ಲಿ ಕೋರ್ಟಿನ ಹೆಸರು, ದಾವೆಯ ಹೆಸರು ಮತ್ತು ಸಂಖ್ಯೆ, ಅರ್ಜಿಯ ಗಡುವು, ಹೊರಬರುವ ಗಡುವು ಎಲ್ಲ ಇರುತ್ತದೆ. ಅರ್ಜಿಗೆ ಒಂದು ಸೆಂಟೂ ಶುಲ್ಕವಿಲ್ಲ. ಹಣ ಬಿಡುಗಡೆಗೆ ಮೊದಲು ಇಷ್ಟು ಕಟ್ಟಿ ಎಂದರೆ ಅದು ಮೋಸವೇ. ಪಾಸ್‌ವರ್ಡ್, ಓಟಿಪಿ, ಕಾರ್ಡಿನ ಹಿಂದಿನ ಸಂಖ್ಯೆ ಕೇಳಿದರೂ ಅಷ್ಟೇ. ವಾಟ್ಸಾಪಿನಲ್ಲಿ ಬಂದ ಕೊಂಡಿ ಒತ್ತಬೇಡಿ. ದಾವೆಯ ಹೆಸರನ್ನು ನೀವೇ ಹುಡುಕಿ, ರಾಜ್ಯದ ಅಟಾರ್ನಿ ಜನರಲ್ ಅಥವಾ ಫೆಡರಲ್ ಟ್ರೇಡ್ ಕಮಿಷನ್ನಿನ ಪುಟದಲ್ಲಿ ಸುದ್ದಿ ಇದೆಯೇ ನೋಡಿ. ಅರ್ಜಿ ತುಂಬಿಕೊಡುತ್ತೇವೆ, ಪಾಲು ಕೊಡಿ ಎನ್ನುವ ಮಧ್ಯವರ್ತಿಗಳ ಅಗತ್ಯವಿಲ್ಲ. ಸಾಮಾನ್ಯ ಗಿರಾಕಿಯ ಅರ್ಜಿ ಹತ್ತು ನಿಮಿಷದ ಕೆಲಸ.

ಊರಿನಲ್ಲಿರುವವರಿಗೆ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡ ಕಂಪ್ಯೂಟರಿಗೂ ಅದೇ ಚಿಪ್ಪು, ಅದೇ ಏರಿಸಿದ ಬೆಲೆ. ನಮಗೇಕಿಲ್ಲ ಎಂದು ಕೇಳುವವರಿದ್ದಾರೆ. ವಿಟಮಿನ್ ತಯಾರಕರು ಕೂಡಿ ಬೆಲೆ ಏರಿಸಿದ ಪ್ರಕರಣದಲ್ಲಿ 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಹೊರದೇಶದಲ್ಲಿ ಕೊಂಡು, ಅಲ್ಲಿಯೇ ಪ್ರತ್ಯೇಕವಾಗಿ ಆದ ನಷ್ಟಕ್ಕೆ ಅಮೆರಿಕದ ಈ ಕಾನೂನಿನಲ್ಲಿ ಪರಿಹಾರವಿಲ್ಲ. ಆದ್ದರಿಂದ ಇಲ್ಲಿ ಕೊಂಡವರು ಆ ಅರ್ಜಿ ಮುಟ್ಟಬಾರದು. ಅಲ್ಲಿದ್ದಾಗ ಕೊಂಡು ಈಗ ಊರಿಗೆ ಮರಳಿದವರು ಷರತ್ತು ಓದಿ ಕೇಳಬಹುದು. ಆದರೆ ಡಾಲರ್ ಚೆಕ್ಕನ್ನು ಇಲ್ಲಿ ನಗದು ಮಾಡಿಸುವ ಬ್ಯಾಂಕ್ ಖರ್ಚು ಚೆಕ್ಕಿನ ಮೊತ್ತವನ್ನೇ ನುಂಗಬಹುದು. ಚೆಕ್ಕಿಗೆ ಅವಧಿಯೂ ಇರುತ್ತದೆ.

ನಮ್ಮ ದೇಶದಲ್ಲಿ ಬೆಲೆ ಕೂಟದ ಮೇಲೆ ಕಾಂಪಿಟಿಷನ್ ಕಮಿಷನ್ ದಂಡ ಹಾಕಿದರೆ ಆ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ, ಗಿರಾಕಿಯ ಮನೆಗೆ ಚೆಕ್ ಬರುವುದಿಲ್ಲ. ನಷ್ಟ ಕೇಳುವವರು 2002ರ ಕಾಂಪಿಟಿಷನ್ ಕಾಯ್ದೆಯ ಪ್ರಕಾರ ಮೇಲ್ಮನವಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೆಯ ಕಲಮಿನಲ್ಲಿ, ಒಂದೇ ಬಗೆಯ ತೊಂದರೆಯಾದ ಹಲವರ ಪರವಾಗಿ ಒಬ್ಬರೇ ಆಯೋಗದ ಅನುಮತಿ ಪಡೆದು ದೂರು ಕೊಡುವ ಅವಕಾಶವಿದೆ. ದೂರಿನ ಅವಧಿ ಎರಡು ವರ್ಷ. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಎರಡು ದೇಶದಲ್ಲೂ ಕೆಲಸಕ್ಕೆ ಬರುವುದು ಬಿಲ್ಲು. ಅದನ್ನು ಬಿಸಾಡಬೇಡಿ.

ಜೈ ಜಿನೇಂದ್ರ.